ಟೈಪಿಂಗ್ ಮೇಷ್ಟ್ರು ತಂದ ಪುಸ್ತಕಗಳು

“ಗುರುಗಳೇ, ಲಿನಕ್ಸ್ ಕಲಿಯುವವರು ಮೊದಲು ಯಾವ ಪುಸ್ತಕ ಓದಬೇಕು? ಅಂಗಡಿಯಲ್ಲಿ ರಾಶಿ ಪುಸ್ತಕಗಳಿವೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ” ಎಂದು ಶಿಷ್ಯ ಭದ್ರೇಶ ಕೇಳಿದ.

ಗುರುಗಳು ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಟೈಪಿಂಗ್ ಮೇಷ್ಟ್ರು ಇದ್ದರಪ್ಪ. ಬೆರಳು ಬಲು ಚುರುಕು, ಮನಸ್ಸು ಬಲು ಮೆದು. ಅವರ ಇನ್‌ಸ್ಟಿಟ್ಯೂಟಿನ ಯಜಮಾನಿ ಟೈಪ್‌ರೈಟರುಗಳನ್ನೆಲ್ಲ ಮಾರಿ ಕಂಪ್ಯೂಟರ್ ತರಿಸಿದರು. ಎಲ್ಲಕ್ಕೂ ಅವನ್ನು ನಡೆಸುವ ತಂತ್ರಾಂಶವಾಗಿ ಲಿನಕ್ಸ್ ಹಾಕುವುದೆಂದಾಯಿತು. ಹೊಸ ತರಗತಿ ಶುರುವಾಗುವುದರೊಳಗೆ ಕಲಿತುಕೊಳ್ಳಿ, ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಮೇಷ್ಟ್ರಿಗೆ ತಿಳಿಸಿದರು. ಪಾಪ, ಆ ಮನುಷ್ಯನಿಗೆ ಕಲಿಸುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ.

ಮೇಷ್ಟ್ರು ಒಂದು ಪುಸ್ತಕ ತಂದರು. ಇಂಥ ಪುಸ್ತಕಗಳ ಮೊದಲ ಅಧ್ಯಾಯವೇ ಇನ್‌ಸ್ಟಾಲ್ ಮಾಡುವುದು. ಅಂದರೆ ಯಂತ್ರದಲ್ಲಿದ್ದುದನ್ನೆಲ್ಲ ಅಳಿಸಿ ಹೊಸದಾಗಿ ಹಾಕುವುದು. ಹಾಕಿದರು. ವಿದ್ಯಾರ್ಥಿಗಳಿಗೆಂದು ಪಾಠಗಳನ್ನೂ ಅದರಲ್ಲಿ ಟೈಪ್ ಮಾಡಿಟ್ಟರು. ಮುಂದೆ ಒಂದು ಕಡೆ, ಪುಸ್ತಕ ಹೇಳಿದಂತೆಯೇ ಮಾಡಿದರೂ ಯಂತ್ರ ‘ನಿಮಗೆ ಅನುಮತಿ ಇಲ್ಲ’ ಎಂದಿತು. ನನ್ನ ಮುಂದಿರುವ ಯಂತ್ರಕ್ಕೆ ನನಗೇ ಅನುಮತಿ ಇಲ್ಲವೇ ಎಂದು ಅವರಿಗೆ ಅವಮಾನವಾಯಿತು. ಪುಸ್ತಕವೇ ಸರಿಯಿಲ್ಲ ಎಂದುಕೊಂಡು ಇನ್ನೊಂದು ತಂದರು. ಮತ್ತೆ ಮೊದಲ ಅಧ್ಯಾಯ. ಮತ್ತೆ ಎಲ್ಲವನ್ನೂ ಅಳಿಸಿದರು; ಟೈಪ್ ಮಾಡಿಟ್ಟ ಪಾಠಗಳೂ ಹೋದವು. ಅದೇ ಜಾಗಕ್ಕೆ ಬಂದಾಗ ಯಂತ್ರ ಅದೇ ಮಾತು ಹೇಳಿತು. ಮತ್ತೊಂದು ಪುಸ್ತಕ ಬಂತು. ಏನು ಮಾಡಬೇಕೆಂಬುದು ಪ್ರತಿಯೊಂದರಲ್ಲೂ ಮುಂದಿನ ಪುಟಗಳಲ್ಲೇ ಇತ್ತು, ಅಲ್ಲಿಯವರೆಗೆ ಅವರು ಹೋಗಲೇ ಇಲ್ಲ. ಯಾರನ್ನಾದರೂ ಕೇಳೋಣವೆಂದರೆ, ಮೇಷ್ಟ್ರಾಗಿ ಕೇಳುವುದು ಹೇಗೆಂಬ ಸಂಕೋಚ.

ತರಗತಿಯ ದಿನ ಎಲ್ಲ ಯಂತ್ರಗಳೂ ಸಿದ್ಧವಾಗಿದ್ದವು. ಇನ್‌ಸ್ಟಾಲ್ ಮಾಡುವುದರಲ್ಲಿ ಅವರನ್ನು ಮೀರಿಸುವವರು ಆ ಊರಲ್ಲೇ ಇರಲಿಲ್ಲವಲ್ಲ! ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿ ಕೈ ಎತ್ತಿದಳು.

“ಸಾರ್, ಅನುಮತಿ ಇಲ್ಲ ಅಂತ ಬರ್ತಿದೆ. ಈಗ ಏನು ಮಾಡಲಿ?”

ಮೇಷ್ಟ್ರು ಆ ಯಂತ್ರದಲ್ಲಿದ್ದುದನ್ನೆಲ್ಲ ಅಳಿಸಿ ಮತ್ತೆ ಮೊದಲಿನಿಂದ ಇನ್‌ಸ್ಟಾಲ್ ಮಾಡಲು ಹೊರಟರು. ಯಜಮಾನಿ ಬಾಗಿಲಲ್ಲೇ ಇದ್ದರು. ಮಾರನೆಯ ದಿನ ಆ ತರಗತಿಗೆ ಬೇರೆ ಮೇಷ್ಟ್ರು ಬಂದರು.

ಗುರುಗಳು ಕತೆ ನಿಲ್ಲಿಸಿದರು. ಭದ್ರೇಶನಿಗೆ ಮೇಷ್ಟ್ರ ಮೇಲೆ ಮರುಕ ಹುಟ್ಟಿತು. ಹಾಗಾದರೆ ಯಾವ ಪುಸ್ತಕ ಅವರ ಕೆಲಸ ಉಳಿಸುತ್ತಿತ್ತು ಎಂದು ಕೇಳಿದ.

“ಯಾವುದಾದರೂ ಉಳಿಸುತ್ತಿತ್ತಪ್ಪ; ಅದಿರಲಿ, ನೀನು ಯಾವ ಪುಟದಲ್ಲಿ ಸಿಕ್ಕಿಕೊಂಡಿದ್ದೀಯ, ಅದನ್ನು ಹೇಳು” ಎಂದರು ಗುರುಗಳು.