ಪುಡಿ ತಿಂದ ಸಾಲು

ರುದ್ರಮುನಿಯವರ ಗೌಜಲಹಕ್ಕಿ ಫಾರಮ್ಮಿನಲ್ಲಿ ಮೇವು ಹಾಕುತ್ತಿದ್ದವಳು ಚೌಡವ್ವ. ಪಟ್ಟಣದ ಏಜೆಂಟನೊಬ್ಬ ಬಂದು, ಮೊಟ್ಟೆಯ ಚಿಪ್ಪು ಗಟ್ಟಿಯಾಗುತ್ತದೆಂದು ಒಂದು ಪುಡಿ ಮಾರಿಹೋದ. ತಿಂಗಳು ಕಳೆದರೂ ಮೊಟ್ಟೆ ಒಡೆಯುವುದು ನಿಲ್ಲಲಿಲ್ಲ.

"ನಿಮ್ಮ ಈ ಕೆಲಸದ ಹೆಂಗಸು ಪುಡಿಯನ್ನು ಮನೆಗೆ ಸಾಗಿಸ್ತಿದ್ದಾಳೆ. ಮೊದಲು ಅವಳನ್ನು ಬಿಡಿಸಿ," ಎಂದ ಏಜೆಂಟ. ಅಂದಿನಿಂದ ಯಜಮಾನರು ಅವಳ ಸೆರಗಿನ ಗಂಟನ್ನೂ ಅನುಮಾನದಿಂದ ನೋಡತೊಡಗಿದರು.

ಚೌಡವ್ವನಿಗೂ ಅನುಮಾನವಿತ್ತು, ಪುಡಿಯ ಮೇಲೆ.

"ಹದಿನೈದು ದಿನ ಕೊಡಿ ಧಣಿ. ನಿಮ್ಮ ಕಣ್ಣೆದುರೇ ಎಡಸಾಲಿನ ಗೂಡುಗಳಿಗೆ ಪುಡಿ ಹಾಕ್ತೀನಿ, ಬಲಸಾಲಿಗೆ ಬರೀ ಕಪ್ಪೆಚಿಪ್ಪಿನ ನುಚ್ಚು. ಆ ಏಜೆಂಟರಿಗೆ ಮಾತ್ರ ಹೇಳಬೇಡಿ."

ಹದಿನೈದು ದಿನ ಕಳೆದು ಏಜೆಂಟ ಬಂದಾಗ ಅವಳು ಸಾಲಿಗೊಂದರಂತೆ ಎರಡು ಬುಟ್ಟಿ ಮೊಟ್ಟೆ ಮುಂದಿಟ್ಟಳು. "ನಿಮ್ಮ ಪುಡಿ ತಿಂದ ಹಕ್ಕಿಯವು ಯಾವು ಸ್ವಾಮಿ?"

ಅವನು ಒಂದೊಂದನ್ನೇ ಒತ್ತಿ ನೋಡಿ, ಗಟ್ಟಿ ಮೊಟ್ಟೆಯ ಬುಟ್ಟಿ ಎಳೆದುಕೊಂಡ. "ಇವೇ. ಕಣ್ಣು ಮುಚ್ಚಿ ಹೇಳ್ತೀನಿ."

"ಆ ಸಾಲು ಪುಡಿ ಮುಟ್ಟಿಯೇ ಇಲ್ಲ," ಎಂದರು ರುದ್ರಮುನಿ.

ಏಜೆಂಟ ಬೆವರು ಒರೆಸಿಕೊಂಡ. "ಪಕ್ಕದ ಸಾಲಿನಿಂದ ಪುಡಿಯ ಗಾಳಿ ಬೀಸಿರಬೇಕು."

"ಹಾಗಿದ್ರೆ ಪುಡಿ ಮೂಟೆ ನಿಮ್ಮ ಅಂಗಡೀಲೇ ಇರಲಿ," ಅಂದಳು ಚೌಡವ್ವ. "ಗಾಳಿ ಬೀಸೋ ದಿನ ಅದರ ಬಾಯಿ ಬಿಚ್ಚಿಡಿ, ಸಾಕು."

ಉಳಿದ ಮೂಟೆಯನ್ನು ಯಜಮಾನರೇ ಎತ್ತಿ ಅವನ ಬೈಕಿಗೆ ಕಟ್ಟಿದರು.