ಕೆಂಚಿಗೆ ಕೈಮುಗಿದವಳು

"ಗುರುಗಳೇ, ಹಾಡಿನೊಳಗೆ ಸೇರಿಕೊಂಡ ಕಸವನ್ನು ತೆಗೆದು ಮಕ್ಕಳಿಗೆ ಕಲಿಸಬೇಕೋ, ಕಸದ ಸಮೇತ ಕಲಿಸಬೇಕೋ?" ಎಂದು ಶಿಷ್ಯ ಕೇಳಿದ.

ಅವನು ಮಠದ ಶಾಲೆಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಡುವವನು. ಒಂದು ವರ್ಷ ಊರೂರು ಸುತ್ತಿ, ಅಜ್ಜಿಯರ ಎದುರು ಕುಳಿತು, ಕುಟ್ಟುವ ಪದ, ಬೀಸುವ ಪದ, ನಾಟಿಯ ಪದ ಎಲ್ಲವನ್ನೂ ಬರೆದು ತಂದಿದ್ದ. ಅಜ್ಜಿಯರೋ, ಒಂದು ಪದವನ್ನೂ ನೆಟ್ಟಗೆ ಹಾಡಿದವರಲ್ಲ. ನಡುವೆ ಕೆಮ್ಮುವರು, ಎಮ್ಮೆಯನ್ನು ಗದರುವರು, ಸೊಸೆಯನ್ನು ಕರೆದು ಒಲೆ ನೋಡು ಎನ್ನುವರು. ಶಿಷ್ಯ ಅದನ್ನೆಲ್ಲ ಹೊಡೆದುಹಾಕಿ ಚೊಕ್ಕಟವಾದ ಪ್ರತಿ ಮಾಡಿದ್ದ. ಮಾಡಿದ್ದು ಸರಿ ಎಂದು ಗುರುಗಳ ಬಾಯಿಂದಲೇ ಕೇಳಬೇಕೆಂಬುದು ಅವನ ಆಸೆ.

ಗುರುಗಳು ಮೊರದ ಮುಂದೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. "ಮೊದಲು ಒಂದು ಪದ ಹಾಡು, ಕೇಳೋಣ" ಎಂದರು.

ಶಿಷ್ಯ ಬೀಸುವ ಪದವೊಂದನ್ನು ಹಾಡಿದ. ಅದು ಅವನು ಊರೂರು ಸುತ್ತಿ ತಂದದ್ದಲ್ಲ, ಅವನ ಅವ್ವನದು. ಅವನಿಗೆ ಎಂಟು ವರ್ಷವಾಗಿದ್ದಾಗ ಅವಳು ತೀರಿಕೊಂಡಳು. ಅದಕ್ಕೂ ಮುಂಚೆ, ಅವಳು ರಾಗಿ ಬೀಸುವಾಗ ಕಲ್ಲಿನ ಪಕ್ಕದಲ್ಲಿ ಕಂಬಳಿ ಹೊದ್ದು ಮಲಗಿಕೊಂಡೇ ಅವನು ಆ ಪದ ಕಲಿತಿದ್ದ. ಒಳ್ಳೆಯ ಕಂಠ. ಎರಡನೆಯ ಸಾಲು ಮುಗಿದಾಗಲೆಲ್ಲ ಅವನ ಕತ್ತು ಒಮ್ಮೆ ಎಡಗಡೆಗೆ ತಿರುಗುತ್ತಿತ್ತು. ಅದು ಬಿಟ್ಟರೆ ಒಂದು ಕೆಮ್ಮಿಲ್ಲ, ಒಂದು ತಡವರಿಕೆಯಿಲ್ಲ.

"ಚೆನ್ನಾಗಿದೆ" ಎಂದರು ಗುರುಗಳು. "ಬಾ, ನೀನೂ ನಾಲ್ಕು ಕಾಯಿ ಸುಲಿ. ಸುಮ್ಮನೆ ಕುಳಿತವನಿಗೆ ಕತೆ ಹೇಳಿ ನನಗೆ ಅಭ್ಯಾಸವಿಲ್ಲ. ಈ ಕತೆಯಲ್ಲಿ ಹೆಸರು ಇರುವುದು ಒಬ್ಬಳಿಗೇ. ಉಳಿದವರ ಹೆಸರು ಕೇಳಿ ನನ್ನನ್ನು ಕಾಡಬೇಡ."

ಶಿಷ್ಯ ಕುಳಿತ. ಗುರುಗಳು ಕತೆ ಹೇಳಿದರು.

ಒಂದು ಬೆಟ್ಟ. ಬೆಟ್ಟದ ಮೇಲೊಂದು ಹಟ್ಟಿ. ಅಲ್ಲಿಯವರು ಸಾಮೆ ಬೆಳೆಯುವರು, ಜೇನು ಕೀಳುವರು. ಆ ಹಟ್ಟಿಯ ಹೆಣ್ಣೊಬ್ಬಳು ಉಪ್ಪು ಮಾರಲು ಬಂದ ದೂರದ ಸೀಮೆಯವನ ಕೈಹಿಡಿದು ಬೆಟ್ಟ ಇಳಿದಳು. ಅಪ್ಪನಿಗೆ ಸಿಟ್ಟು ಬಂತು. ಇನ್ನು ಈ ಬೆಟ್ಟ ಹತ್ತಬೇಡ ಎಂದುಬಿಟ್ಟ. ಅವಳೇನು ಕಡಿಮೆಯೇ? ಅದೇ ಅಪ್ಪನ ಮಗಳು. ಹತ್ತಲಿಲ್ಲ.

ಉಪ್ಪಿನವನ ಊರಿನಲ್ಲಿ ಬೇರೆ ಭಾಷೆ. ಅವಳು ಅದನ್ನು ಕಲಿತಳು. ಆ ಭಾಷೆಯಲ್ಲೇ ನಕ್ಕಳು, ಆ ಭಾಷೆಯಲ್ಲೇ ಜಗಳವಾಡಿದಳು. ಒರಳಿನ ಮುಂದೆ ನಿಂತಾಗ ಮಾತ್ರ ಬಾಯಿಗೆ ಬೆಟ್ಟದ ಭಾಷೆ ಬರುತ್ತಿತ್ತು. ಅವಳಿಗೊಬ್ಬಳು ಮಗಳು ಹುಟ್ಟಿದಳು. ಮಗಳು ಒನಕೆ ಹಿಡಿಯುವಷ್ಟಾದಾಗ ತಾಯಿ ಅವಳಿಗೆ ತನ್ನ ತವರಿನ ಕುಟ್ಟುವ ಪದ ಹೇಳಿಕೊಟ್ಟಳು.

ಸಾಮೆ ಕುಟ್ಟುವ ಕೈಗೆ ಬೆಟ್ಟದ ಬಲ ಬರಲಿ,
ಒನಕೆ ಎತ್ತುವ ತೋಳಿಗೆ ಹೊಳೆಯ ಬಲ ಬರಲಿ,
ಒರಳು ತುಂಬಿದ ಮನೆಗೆ, ಹೋ ಹೋ ಕೆಂಚೀ, ಮಗಳು ಬರಲಿ.

ಆ ಮಗಳಿಗೆ ಬೇರೆ ಪಾಠಶಾಲೆ ಇರಲಿಲ್ಲ. ಸಾಮೆ ಎಂದರೇನವ್ವ ಎಂದು ಕೇಳುವಳು. ತಾಯಿ ಹೊಲದ ಕತೆ ಹೇಳುವಳು. ಯಾವ ಹೊಳೆಯವ್ವ ಎಂದು ಕೇಳುವಳು. ತಾಯಿ ಹೊಳೆಯಲ್ಲಿ ತಾನೂ ಅಕ್ಕನೂ ಏಡಿ ಹಿಡಿದದ್ದನ್ನು ಹೇಳುವಳು. ಹೀಗೆ ಮೂರು ಸಾಲಿನ ಬೆನ್ನಿಗೆ ಇಡೀ ಬೆಟ್ಟವೇ ಮಗಳ ಬಾಯಿಗೆ ಬಂತು. ಒಂದನ್ನು ಮಾತ್ರ ಅವಳು ಕೇಳಲಿಲ್ಲ, ಕೆಂಚಿ ಯಾರು ಎಂದು. ಆ ಮಾತು ಬಂದಾಗ ತಾಯಿ ಒನಕೆಯನ್ನು ಒಂದು ಕೈಗೆ ಬದಲಿಸಿ ಇನ್ನೊಂದು ಕೈಯನ್ನು ಮೇಲೆ ಎತ್ತುತ್ತಿದ್ದಳು. ಕೈ ಎತ್ತುವುದು ಯಾರಿಗೆ? ದೇವರಿಗೆ. ಕೆಂಚಿ ಬೆಟ್ಟದ ದೇವಿಯೇ ಇರಬೇಕೆಂದು ಮಗಳು ತಿಳಿದಳು. ತಾನೂ ಅಲ್ಲಿಗೆ ಬಂದಾಗ ಕೈಯನ್ನು ಹಣೆಗೆ ಮುಟ್ಟಿಸಿದಳು. ತಾಯಿ ಅದನ್ನು ನೋಡಿ ತುಟಿ ಕಚ್ಚಿಕೊಂಡು ಆ ಕಡೆ ತಿರುಗಿದಳು.

ಮಗಳು ದೊಡ್ಡವಳಾದಳು, ಮದುವೆಯಾದಳು. ಕುಟ್ಟುವ ಮೊದಲು ಕೆಂಚಿಯ ಹೆಸರಿನಲ್ಲಿ ಒಂದು ಹಿಡಿ ಕಾಳನ್ನು ಪಕ್ಕಕ್ಕೆ ಇಡುವ ಪದ್ಧತಿಯನ್ನೂ ಮಾಡಿಕೊಂಡಳು. ಭಕ್ತಿ ಎಂದರೆ ಭಕ್ತಿ!

ತಾಯಿಗೆ ಕಾಯಿಲೆಯಾಯಿತು. ಸಾಯುವ ಮುಂಚೆ ಮಗಳ ಕೈಹಿಡಿದು ಹೇಳಿದಳು. "ನಾನಂತೂ ಹೋಗಲಿಲ್ಲ ಮಗಾ. ನೀನಾದರೂ ಬೆಟ್ಟ ಹತ್ತು. ನನ್ನ ಅಕ್ಕ ಇದ್ದರೆ ಅವಳ ಕೈಯಿಂದ ನಿನ್ನ ಮಡಿಲು ತುಂಬಲಿ. ಮನೆಮಗಳು ಅನ್ನಿಸಿಕೊಂಡು ಬಾ."

ಮಗಳು ಹೊರಟಳು. ಅವಳಿಗೆ ಬೇಕಾಗಿದ್ದದ್ದು ಒಂದು ಬೊಗಸೆ ಸಾಮೆ, ಮಗಳೇ ಎಂಬ ಒಂದು ಮಾತು. ಅದು ಸಿಕ್ಕದಿದ್ದರೆ ಅವ್ವನ ಜೀವ ಬೆಟ್ಟದ ಬುಡದಲ್ಲೇ ನಿಂತ ಹಾಗೆ ಎಂದುಕೊಂಡು ಆರು ದಿನ ನಡೆದಳು.

ಈಗ ಒಬ್ಬ ಪಂಡಿತನ ವಿಷಯ ಹೇಳಬೇಕು. ಇವಳು ಹೊರಡುವುದಕ್ಕೆ ನಾಲ್ಕು ವರ್ಷ ಮುಂಚೆ ಪಟ್ಟಣದಿಂದ ಅವನು ಆ ಬೆಟ್ಟಕ್ಕೆ ಬಂದಿದ್ದ. ಒಳ್ಳೆಯವನೇ, ಸ್ವಲ್ಪ ನಿನ್ನ ಹಾಗೆ. ಹಟ್ಟಿಯ ಪದಗಳನ್ನೆಲ್ಲ ಬರೆದುಕೊಂಡ, ಕೆಮ್ಮು ಆಕಳಿಕೆಗಳನ್ನು ಸೋಸಿದ, ಕೆಳಗಿನ ಊರುಗಳಿಗೆಲ್ಲ ಕಲಿಸಿದ. ಕುಟ್ಟುವ ಪದ ಬಳೆಗಾರನ ಬಾಯಿಗೂ ಬಂತು. ಬಂದದ್ದು ಸಂತೋಷವೇ. ಆದರೆ ಆ ಹಟ್ಟಿಯಲ್ಲಿ ಹೆಣ್ಣುಮಕ್ಕಳ ಮಕ್ಕಳಿಗೂ ಜೇನಿನ ಮರದಲ್ಲಿ ಪಾಲು ಕೊಡುವ ವಾಡಿಕೆಯಿತ್ತು. ಕೆಳಗಿನವರು ಕೆಲವರು ಪದ ಕಲಿತು, ಉಪ್ಪಿನವನ ಹಿಂದೆ ಹೋದವಳ ಮಕ್ಕಳು ನಾವು ಎನ್ನುತ್ತ ಬೆಟ್ಟ ಹತ್ತಿದರು. ಹೋದವಳ ಅಕ್ಕ ಇನ್ನೂ ಬದುಕಿದ್ದಳು. ಎರಡು ಸಲ ನಂಬಿದಳು, ಎರಡು ಸಲ ಮಡಿಲು ತುಂಬಿದಳು, ಎರಡು ಸಲ ಮೋಸಹೋದಳು. ಆಮೇಲೆ ಮುದುಕಿ ಬಾಗಿಲು ಹಾಕಿಕೊಂಡಳು. ಇನ್ನೊಬ್ಬಳು ಬಂದಳೆಂದು ನನ್ನ ಹತ್ತಿರ ಬಂದು ಹೇಳಬೇಡಿ ಎಂದಳು.

ಇದು ಯಾವುದೂ ಮಗಳಿಗೆ ಗೊತ್ತಿಲ್ಲ. ಬೆಟ್ಟದ ಬುಡದ ಊರಿನಲ್ಲಿ ನೀರು ಕುಡಿಯಲು ನಿಂತಾಗ ಹೆಂಗಸರು ಭತ್ತ ಕುಟ್ಟುತ್ತ ಅದೇ ಪದ ಹಾಡುತ್ತಿದ್ದರು. ಅವಳ ಮೈ ಜುಂ ಎಂದಿತು. ಅವ್ವನ ಪದ! ಮೂರನೆಯ ಸಾಲು ಬಂತು. ಕೈಯನ್ನು ಹಣೆಗೆ ಎತ್ತಿದಳು. ಹೆಂಗಸರು ಕೆಂಚಿಯನ್ನು ಬಿಟ್ಟು ಮುಂದಕ್ಕೆ ಹೋದರು. ಎತ್ತಿದ ಕೈ ಎತ್ತಿದ ಹಾಗೇ ನಿಂತಿತು.

ಅವಳಿಗೆ ಹೆದರಿಕೆಯಾಯಿತು, ನಾಚಿಕೆಯೂ ಆಯಿತು. ಪರಭಾಷೆಯವರ ನಡುವೆ ಬದುಕಿ ಬದುಕಿ ಪಾಪ ಅವ್ವ ಪದವನ್ನೇ ಕೆಡಿಸಿಕೊಂಡಿದ್ದಾಳೆ ಎಂದುಕೊಂಡಳು. ಕೆಟ್ಟ ಪದ ಹಾಡಿದರೆ ಬೆಟ್ಟದವರು ನಂಬುತ್ತಾರೆಯೇ? ಹತ್ತುವ ದಾರಿಯುದ್ದಕ್ಕೂ ಸರಿಯಾದ ಪದವನ್ನು ಹೇಳಿಕೊಂಡಳು. ಪ್ರತಿ ಸಲವೂ ಕೆಂಚಿ ನಾಲಿಗೆಯ ತುದಿಗೆ ಬರುವಳು, ಪ್ರತಿ ಸಲವೂ ಇವಳು ನುಂಗುವಳು. ಹಟ್ಟಿ ಮುಟ್ಟುವ ಹೊತ್ತಿಗೆ ಪದ ಚೊಕ್ಕಟವಾಗಿತ್ತು.

ಹಟ್ಟಿಯ ಯಜಮಾನನ ಮುಂದೆ ನಿಂತು ಅವ್ವನ ಹೆಸರು ಹೇಳಿದಳು. ಆ ಹೆಸರಿನವರು ಹಟ್ಟಿಯಲ್ಲಿ ಮನೆಗೊಬ್ಬರು. ಉಪ್ಪಿನವನ ಕತೆ ಹೇಳಿದಳು. ಅದು ಸಂತೆಗೆಲ್ಲ ಗೊತ್ತಿದ್ದ ಕತೆ. ಕೊನೆಗೆ ಪದ ಹಾಡಿದಳು, ಒಂದು ಅಕ್ಷರ ತಪ್ಪದೆ.

"ಚೆನ್ನಾಗಿ ಹಾಡಿದೆ ತಾಯಿ" ಎಂದ ಯಜಮಾನ. "ಹಿಂದೆ ಬಂದವರೂ ಹೀಗೇ ಹಾಡಿದರು. ಹಸಿದು ಬಂದಿದ್ದೀಯೆ, ಉಂಡುಕೊಂಡು ಹೋಗು. ಮುದುಕಿಯ ಹತ್ತಿರ ಮಾತ್ರ ಹೋಗಬೇಡ, ನೊಂದಿದ್ದಾಳೆ."

ಅವಳಿಗೆ ಅಳು ಬಂತು. ಅತ್ತು ತೋರಿಸುವುದು ಸರಿಯಲ್ಲವೆಂದು ತಡೆದುಕೊಂಡಳು. ಒಂದು ಗುಡಿಸಲಿನ ಮುಂದೆ ಹೆಂಗಸರು ಸಾಮೆ ಕುಟ್ಟುತ್ತಿದ್ದರು. ಬಿಟ್ಟಿ ಊಟ ಉಂಡು ಅವಳಿಗೆ ರೂಢಿಯಿಲ್ಲ. ಸೆರಗು ಕಟ್ಟಿ ಒಂದು ಒನಕೆ ಕೈಗೆತ್ತಿಕೊಂಡಳು. ಇನ್ನು ಯಾರನ್ನು ಮೆಚ್ಚಿಸುವುದು? ಯಾರನ್ನೂ ಇಲ್ಲ. ಕೈ ಕುಟ್ಟಿತು, ಬಾಯಿ ತಾನಾಗಿ ಹಾಡಿತು. ಮೂರನೆಯ ಸಾಲಿಗೆ ಸಾಮೆ ಒರಳಿನಿಂದ ಚೆಲ್ಲಿತು, ಒನಕೆ ಒಂದು ಕೈಗೆ ಬಂತು, ಇನ್ನೊಂದು ಕೈ ಮೇಲೆದ್ದಿತು.

"ಒರಳು ತುಂಬಿದ ಮನೆಗೆ, ಹೋ ಹೋ ಕೆಂಚೀ..."

ಪಕ್ಕದ ಗುಡಿಸಲಿನ ಬಾಗಿಲು ದಡಾರನೆ ತೆರೆಯಿತು.

"ಯಾರೇ ಅದು, ನಮ್ಮ ಕೋಳೀನ ಓಡಿಸ್ತಾ ಇರೋಳು?" ಎಂದು ಕೂಗುತ್ತ ಮುದುಕಿ ಹೊರಗೆ ಬಂದಳು.

ಹೆಂಗಸರೆಲ್ಲ ಕುಟ್ಟುವುದನ್ನು ನಿಲ್ಲಿಸಿದರು. ಮಗಳು ಒನಕೆಯನ್ನು ಒರಳಿಗೆ ಒರಗಿಸಿದಳು. "ತಪ್ಪಾಯಿತು ದೊಡ್ಡವ್ವ. ಕೋಳಿಯನ್ನಲ್ಲ, ನಾನು ದೇವಿಯನ್ನು ಕರೆದೆ. ಕೆಂಚಿ ದೇವಿ. ನಮ್ಮವ್ವ ಹೀಗೇ ಹೇಳಿಕೊಟ್ಟಿದ್ದಳು" ಎಂದು ಕೈಯನ್ನು ಹಣೆಗೆ ಮುಟ್ಟಿಸಿದಳು.

ಮುದುಕಿ ಬಾಯಿ ತೆರೆದು ನಿಂತಳು. ಆಮೇಲೆ ನಗಲು ಶುರುಮಾಡಿದಳು. ನಗುತ್ತ ನಗುತ್ತ ನೆಲಕ್ಕೇ ಕುಳಿತುಬಿಟ್ಟಳು. "ದೇವಿಯಂತೆ! ಅಯ್ಯೋ ನನ್ನ ಕಂದಾ, ಅದು ನಮ್ಮವ್ವನ ಕಳ್ಳ ಕೋಳಿ ಕಣೇ! ಮೂರನೇ ಸಾಲಿಗೆ ಕಾಳು ಚೆಲ್ಲೋದು, ಮುಂಡೇದು ಓಡಿ ಬಂದು ಒರಳಿಗೇ ಕೊಕ್ಕು ಹಾಕೋದು. ಅವ್ವ ಕೈಯೆತ್ತಿ ಓಡಿಸೋಳು. ನಾವಿಬ್ಬರೂ ಅದೇ ಪದ ಅಂತ ಕಲಿತುಬಿಟ್ಟೆವು. ಹಟ್ಟಿಯೋರೆಲ್ಲ ನಮ್ಮನ್ನ ಎಷ್ಟು ಆಡಿಕೊಂಡು ನಕ್ಕರು! ಕೊನೆಗೊಂದು ದಿನ ಅಪ್ಪ ಅದನ್ನ ಸಾರು ಮಾಡಿಸಿದ. ನಿಮ್ಮವ್ವ ಅವತ್ತು ಉಣ್ಣಲೇ ಇಲ್ಲ."

ಹೇಳುತ್ತ ಹೇಳುತ್ತ ಮುದುಕಿಯ ನಗು ಅಳುವಾಯಿತು. ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ಅವಳ ಮುಖವನ್ನು ಎರಡೂ ಕೈಯಿಂದ ಸವರಿದಳು. ಕೆಂಚಿ ಎಂಬ ಕೋಳಿಯನ್ನು ಪದದೊಳಗೆ ಸೇರಿಸಿ ಹಾಡಿದವರು ಭೂಮಿಯ ಮೇಲೆ ಆ ಅಕ್ಕತಂಗಿಯರಿಬ್ಬರೇ. ಪಂಡಿತ ಬಂದಾಗ ಮುದುಕಿಯೂ ಅವನಿಗೆ ಆ ಪದ ಹಾಡಿ ತೋರಿಸಿದ್ದಳು. ಅವನು ಕೋಳಿಯನ್ನು ಬಿಟ್ಟು ಉಳಿದದ್ದನ್ನು ಬರೆದುಕೊಂಡಿದ್ದ. ಹಾಗಾಗಿ ಬೇರೆ ಯಾರೂ ಅದನ್ನು ಕಲಿತು ಬರುವ ಹಾಗಿರಲಿಲ್ಲ.

ಯಜಮಾನ ಓಡಿಬಂದು ತಲೆ ತಗ್ಗಿಸಿ ನಿಂತ. ಅದೇ ಒರಳಿನ ಸಾಮೆಯನ್ನು ಮುದುಕಿ ಬೊಗಸೆ ಬೊಗಸೆಯಾಗಿ ಮಗಳ ಮಡಿಲಿಗೆ ಸುರಿದಳು. "ಮಗಳೇ" ಎಂದಳು. ಒಂದು ಸಲವಲ್ಲ, ಸಾಕು ದೊಡ್ಡವ್ವ ಎನ್ನುವಷ್ಟು ಸಲ. ಮಗಳು ಒಂದು ತಿಂಗಳು ಅಲ್ಲಿದ್ದಳು, ಹೊಳೆಯಲ್ಲಿ ಏಡಿ ಹಿಡಿದಳು, ದೊಡ್ಡವ್ವನ ಜೊತೆ ಕುಟ್ಟಿದಳು. ಹಟ್ಟಿಯ ಹುಡುಗಿಯರೂ ಆ ಸಾಲು ಬಂದಾಗ ಕೋಳಿ ಓಡಿಸುವುದನ್ನು ಕಲಿತರು. ಅವಳು ತನ್ನ ಊರಿಗೆ ಮರಳಿದ ಮೇಲೂ ಕೆಂಚಿಯ ಹೆಸರು ಬಂದಾಗ ಕೈ ಹಣೆಗೆ ಹೋಗುವುದು ನಿಲ್ಲಲಿಲ್ಲವಂತೆ. ನಗುತ್ತ ಕೈಮುಗಿಯುತ್ತಿದ್ದಳು, ಅಷ್ಟೇ.

ಇಲ್ಲಿಗೆ ಗುರುಗಳು ಕತೆ ನಿಲ್ಲಿಸಿದರು. ಮೊರದಲ್ಲಿ ಅವರೆಕಾಳು ತುಂಬಿತ್ತು. ಶಿಷ್ಯನೂ ನಗುತ್ತಿದ್ದ. ಆದರೆ ವರ್ಷದ ದುಡಿಮೆ ಅಷ್ಟು ಸುಲಭವಾಗಿ ಬಿಟ್ಟುಕೊಡುವಂಥದೇ?

"ಕತೆ ಚೆನ್ನಾಗಿದೆ ಗುರುಗಳೇ. ಹಾಗೆಂದು ಮಕ್ಕಳಿಗೆ ಕೆಮ್ಮುವುದನ್ನೂ ಎಮ್ಮೆ ಗದರುವುದನ್ನೂ ಕಲಿಸಲಾಗುತ್ತದೆಯೇ? ಆಗಲೇ ನಾನು ಹಾಡಿದ ಪದದಲ್ಲಿ ಅಂಥ ಕಸ ಏನಾದರೂ ಇತ್ತೇ? ಚೆನ್ನಾಗಿದೆ ಎಂದು ನೀವೇ ಹೇಳಿದಿರಿ" ಎಂದ.

ಗುರುಗಳು ಸಿಪ್ಪೆಯನ್ನು ಒಂದು ಕಡೆಗೆ ಸರಿಸಿ, ಕೈ ಒರೆಸಿಕೊಂಡು ಕೇಳಿದರು.

"ಎರಡನೆಯ ಸಾಲಿಗೆ ನಿನ್ನ ಕತ್ತು ಎಡಗಡೆಗೆ ತಿರುಗುತ್ತದಲ್ಲ ಮಗು, ನಿಮ್ಮವ್ವ ಬೀಸುವಾಗ ಅಲ್ಲಿ ಯಾರು ಮಲಗಿರುತ್ತಿದ್ದರು?"