ಸುತ್ತಿನಲ್ಲೊಂದು ಖಾಲಿ ಜಾಗ

"ಗುರುಗಳೇ, ಸಿಟ್ಟು ಪೂರ್ತಿ ಹೋದ ಮೇಲೆಯೇ ಅಕ್ಕನನ್ನು ನೋಡಲು ಹೋಗುತ್ತೇನೆ ಎಂದರೆ ತಪ್ಪೇ?" ಎಂದು ಈರಯ್ಯ ಕೇಳಿದ.

ಈರಯ್ಯನನ್ನು ಸಾಕಿದವಳು ಅವನ ಅಕ್ಕ. ನಾಲ್ಕು ವರ್ಷದ ಹಿಂದೆ ಮಾತಿಗೆ ಮಾತು ಬೆಳೆದು ಅವನು ಮನೆ ಬಿಟ್ಟು ಗುರುಗಳ ಬಳಿ ಬಂದಿದ್ದ. ಈಗ ಅವಳು 'ಒಮ್ಮೆ ಬಂದು ಹೋಗು' ಎಂದು ಹೇಳಿ ಕಳಿಸಿದ್ದಳು. ಇದು ಮೂರನೆಯ ಸಲ.

"ಈಗಲೇ ಹೋದರೆ ಮತ್ತೆ ಏನಾದರೂ ಅಂದುಬಿಡುತ್ತೇನೆ. ನನ್ನ ನಾಲಗೆ ನನಗೆ ಗೊತ್ತು. ಒಂದು ವರ್ಷ ಗುಡ್ಡದ ಮೇಲಿನ ಗವಿಯಲ್ಲಿ ಒಬ್ಬನೇ ಕೂರುತ್ತೇನೆ. ತಾಳ್ಮೆ ಕಲಿತು ಆಮೇಲೆ ಹೋಗುತ್ತೇನೆ. ಅಪ್ಪಣೆ ಕೊಡಿ."

ಗುರುಗಳು ಅಪ್ಪಣೆ ಕೊಡಲಿಲ್ಲ, ಬೇಡವೆಂದೂ ಹೇಳಲಿಲ್ಲ. "ಕೂತುಕೋ" ಎಂದರು. "ಗಂಡು ಹೆಣ್ಣು ಕೈ ಹಿಡಿದು ಕುಣಿಯುವ ಇಂಗ್ಲಿಷ್ ಕುಣಿತ ನೋಡಿದ್ದೀಯಾ?"

"ಸಿನಿಮಾದಲ್ಲಿ ನೋಡಿದ್ದೇನೆ. ಮಠದಲ್ಲಿ ಕೂತು ಅದರ ಮಾತೇಕೆ, ಗುರುಗಳೇ?"

"ಮಠಕ್ಕೆ ಬರುವ ಮೊದಲು ನಾನು ಸಿಕ್ಕ ಸಿಕ್ಕ ರೈಲು ಹತ್ತಿ ಅಲೆದವನು. ಒಂದು ಊರಿನಲ್ಲಿ ಕಂಡದ್ದನ್ನು ಹೇಳುತ್ತೇನೆ, ಕೇಳು" ಎಂದು ಗುರುಗಳು ಕತೆ ಹೇಳಿದರು.

ಅದೊಂದು ಜಂಕ್ಷನ್ ಊರು. ಅಲ್ಲಿ ಒಬ್ಬ ಕೀಮ್ಯಾನ್ ಇದ್ದ. ಹಳಿಯನ್ನು ಅದರ ಕೆಳಗಿನ ಅಡ್ಡ ದಿಮ್ಮಿಗೆ, ಅಂದರೆ ಸ್ಲೀಪರಿಗೆ, ಬಿಗಿದಿರುವ ಕೀಲಿಗಳು ಸಡಿಲವಾಗಿವೆಯೇ ಎಂದು ಸುತ್ತಿಗೆ ಹಿಡಿದು ನೋಡುತ್ತ ನಡೆಯುವುದು ಅವನ ಕೆಲಸ. ದಿನಾ ಐದಾರು ಮೈಲಿ ಒಬ್ಬನೇ ನಡೆಯಬೇಕು. ರೈಲು ಬಂದಾಗ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ. ಕಿಟಕಿಗಳಲ್ಲಿ ನೂರಾರು ಮುಖಗಳು ಹಾದುಹೋಗುತ್ತಿದ್ದವು. ಅವನನ್ನು ನೋಡಲೆಂದು ಯಾವ ಮುಖವೂ ತಿರುಗುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅವನು ಆಡುವ ಮಾತು ಹೆಚ್ಚೆಂದರೆ ಹತ್ತು. ಅದರಲ್ಲಿ ಆರು ಊಟದ ಮೆಸ್ಸಿನಲ್ಲಿ.

ರೈಲ್ವೆ ಕ್ವಾರ್ಟರ್ಸಿನ ಹಿಂದೆ ಒಂದು ಹಳೆಯ ಹಾಲ್ ಇತ್ತು. ಭಾನುವಾರ ಸಂಜೆ ಅಲ್ಲಿ ಜೋಡಿ ಕುಣಿತದ ಕ್ಲಾಸು ನಡೆಯುತ್ತಿತ್ತು. ಕಲಿಸುವವಳು ನಿವೃತ್ತ ಗಾರ್ಡ್ ಒಬ್ಬರ ಹೆಂಡತಿ. ಎಲ್ಲರೂ ಆಕೆಯನ್ನು ಆಂಟಿ ಎನ್ನುತ್ತಿದ್ದರು. ವಾಲ್ಟ್ಸ್, ಸ್ವಿಂಗ್, ಚಾ ಚಾ ಎಂದು ಆ ಕುಣಿತಗಳಿಗೆ ಒಂದೊಂದು ಹೆಸರು. ಬಾಗಿಲ ಮೇಲೆ ಒಂದು ಬೋರ್ಡ್ ಹಾಕಿದ್ದರು: ಜೋಡಿ ಇಲ್ಲದವರೂ ಬರಬಹುದು. ಕೀಮ್ಯಾನ್ ಆ ಬೋರ್ಡನ್ನು ಮೂರು ತಿಂಗಳು ಓದಿದ. ನಾಲ್ಕನೆಯ ತಿಂಗಳು ಒಳಗೆ ಹೋದ.

ಕಲಿಸುವ ಕ್ರಮ ಹೀಗಿತ್ತು. ಹೆಂಗಸರು ಸುತ್ತಲೂ ದುಂಡಗೆ ನಿಲ್ಲಬೇಕು. ಒಬ್ಬೊಬ್ಬರ ಎದುರಿಗೆ ಒಬ್ಬೊಬ್ಬ ಗಂಡಸು. ಐದು ನಿಮಿಷ ಹೆಜ್ಜೆ ಹಾಕಿದ ಮೇಲೆ ಆಂಟಿ ಚಪ್ಪಾಳೆ ತಟ್ಟುತ್ತಾಳೆ. ಆಗ ಗಂಡಸರೆಲ್ಲ ಮುಂದಿನ ಜಾಗಕ್ಕೆ ಸರಿಯಬೇಕು. ಹೀಗೆ ಒಂದು ಸಂಜೆಯಲ್ಲಿ ಎಲ್ಲರೂ ಎಲ್ಲರ ಕೈ ಹಿಡಿದಂತಾಗುತ್ತದೆ. ಆ ಕ್ಲಾಸಿನಲ್ಲಿ ಗಂಡಸರು ಹನ್ನೆರಡು ಮಂದಿ, ಹೆಂಗಸರು ಹನ್ನೊಂದು ಮಂದಿ. ಹಾಗಾಗಿ ಸುತ್ತಿನಲ್ಲಿ ಒಂದು ಜಾಗ ಖಾಲಿ. ಆ ಜಾಗಕ್ಕೆ ಬಂದವನು ಸುಮ್ಮನೆ ನಿಲ್ಲುವಂತಿಲ್ಲ. ಎದುರಿಗೆ ಯಾರೋ ಇದ್ದಾರೆಂದುಕೊಂಡು ತೋಳು ಎತ್ತಿ ಗಾಳಿಯ ಜೊತೆ ಹೆಜ್ಜೆ ಹಾಕಬೇಕು.

ಮೊದಲ ದಿನ, ಎರಡನೆಯ ಚಪ್ಪಾಳೆಗೆ, ಕೀಮ್ಯಾನ್ ಒಬ್ಬ ಹೆಂಗಸಿನ ಎದುರು ಬಂದ. ಆಕೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವಳು. ದಿನವಿಡೀ ಗಾಜಿನ ಕಿಂಡಿಯೊಳಗೆ ಚಾಚುವ ಕೈಗಳನ್ನಷ್ಟೇ ನೋಡುವವಳು. ಅವಳು ಅವನ ಕೈ ಹಿಡಿದಳು. ವರ್ಷಗಳಿಂದ ಅವನ ಕೈಯನ್ನು ಯಾರೂ ಹಿಡಿದಿರಲಿಲ್ಲ. ಅವನು ಹೆಜ್ಜೆ ಇಟ್ಟ. ಅದು ಸ್ಲೀಪರಿನಿಂದ ಸ್ಲೀಪರಿಗೆ ದಾಟುವ ಹೆಜ್ಜೆ. ನೇರ ಅವಳ ಕಾಲ ಮೇಲೆ ಬಿತ್ತು.

ಅವಳು ನಕ್ಕುಬಿಟ್ಟಳು. "ಪರವಾಗಿಲ್ಲ ಬಿಡಿ. ಇನ್ನೊಂದು ಕಾಲು ಚೆನ್ನಾಗೇ ಇದೆ" ಎಂದಳು.

ಆ ನಗುವಿನಲ್ಲಿ ಕುಹಕ ಇರಲಿಲ್ಲ. ಆದರೂ ಅವನು ಅದನ್ನು ಕೋಣೆಗೆ ಹೊತ್ತುಕೊಂಡು ಹೋದ. ಒಂದು ವಾರ ಅದೇ ಅವನ ತಲೆಯಲ್ಲಿತ್ತು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಆ ಹಾಲ್‌ನಲ್ಲಿ ಒಂದು ಕೂಟ ನಡೆಯುತ್ತದೆ. ಅಂದು ಚಪ್ಪಾಳೆ ಇಲ್ಲ. ಬೇಕಾದವರನ್ನು ಕೇಳಿ, ಅವರು ಒಪ್ಪಿದರೆ, ಇಡೀ ಒಂದು ಹಾಡು ಅವರ ಜೊತೆಯೇ ಕುಣಿಯಬಹುದು. ಕೀಮ್ಯಾನ್ ಮನಸ್ಸಿನಲ್ಲೇ ನಿಶ್ಚಯ ಮಾಡಿದ: ಅಂದು ಅವಳನ್ನು ಕೇಳುತ್ತೇನೆ. ಅಲ್ಲಿಯವರೆಗೆ ಅವಳ ಕೈ ಮುಟ್ಟುವುದಿಲ್ಲ. ಒಂದು ತಪ್ಪೂ ಇಲ್ಲದೆ ಕಲಿತು, ಆಮೇಲೆ ಮುಟ್ಟುತ್ತೇನೆ.

ಮುಂದಿನ ಭಾನುವಾರ ಅವನು ಖಾಲಿ ಜಾಗಕ್ಕೆ ಬಂದವನು ಅಲ್ಲಿಂದ ಕದಲಲಿಲ್ಲ. ಚಪ್ಪಾಳೆ ಬಿದ್ದು ಹಿಂದಿನವನು ಬಂದಾಗ, "ನೀವು ಮುಂದೆ ಹೋಗಿ, ನಾನಿಲ್ಲೇ ಇರ್ತೀನಿ" ಎಂದ.

ಹಿಂದಿನವನು ಪಾರ್ಸೆಲ್ ಆಫೀಸಿನ ಗುಮಾಸ್ತ. ಅವನಿಗೆ ಅದೇ ಬೇಕಿತ್ತು. "ಪುಣ್ಯ ಬರುತ್ತೆ ಕಣಯ್ಯ ನಿಂಗೆ. ನಾನು ಗಾಳೀನ ತಬ್ಕೊಂಡು ನಿಂತ್ರೆ ನನ್ನ ಹೆಂಡ್ತಿ ಆ ಕಡೆಯಿಂದ ಹಲ್ಲು ಕಿರೀತಾಳೆ. ಮನೇಗೆ ಹೋದ್ಮೇಲೂ ಬಿಡಲ್ಲ, ಅಡುಗೆಮನೇಲಿ ನನ್ನ ಹಾಗೇ ಕುಣಿದು ತೋರಿಸ್ತಾಳೆ."

ಉಳಿದ ಗಂಡಸರಿಗೂ ಅದು ಅನುಕೂಲವೇ ಆಯಿತು. ಸುತ್ತು ನಿಲ್ಲದೆ ಸಾಗಿದರೆ ಆಂಟಿಗೂ ಸಾಕಿತ್ತು. ಖಾಲಿ ಜಾಗ ಕೀಮ್ಯಾನ್‌ನದೆಂದೇ ಆಯಿತು.

ಅವನು ಅಲ್ಲಿ ಶ್ರದ್ಧೆಯಿಂದ ಕಲಿತ. ಎದುರಿಗೆ ಟಿಕೆಟಿನವಳೇ ಇದ್ದಾಳೆಂದುಕೊಂಡು ತೋಳು ಎತ್ತುತ್ತಿದ್ದ. ಅವನ ಕಲ್ಪನೆಯಲ್ಲಿ ಅವಳು ಎಂದೂ ತಡವಾಗಿ ತಿರುಗಲಿಲ್ಲ, ಎಂದೂ ಎಡವಲಿಲ್ಲ. ಅವನ ಕೈ ಬೆವರಿದರೆ ನಾಚಿಕೆಪಡಬೇಕಿರಲಿಲ್ಲ. ಹೆಜ್ಜೆ ತಪ್ಪಿದರೆ ಕ್ಷಮೆ ಕೇಳಬೇಕಿರಲಿಲ್ಲ. ಹಳಿಯ ಮೇಲೆ ನಡೆಯುವಾಗಲೂ ಒಂದು ಎರಡು ಮೂರು ಎಂದುಕೊಳ್ಳುತ್ತಿದ್ದ. ಆರು ತಿಂಗಳಲ್ಲಿ ಅವನ ಹೆಜ್ಜೆ ಚಿಕ್ಕದಾಯಿತು, ಬೆನ್ನು ನೆಟ್ಟಗಾಯಿತು. "ತೋಳು ನೋಡಿ, ಹೀಗಿರಬೇಕು" ಎಂದು ಆಂಟಿ ಎಲ್ಲರಿಗೂ ಅವನನ್ನು ತೋರಿಸಿದಳು. ಅವನಿಗೆ ಸಂತೋಷವಾಯಿತು.

ಟಿಕೆಟಿನವಳು ಅಲ್ಲಿಂದ ಎರಡೇ ಜಾಗ ಆಚೆ ನಿಲ್ಲುತ್ತಿದ್ದಳು. ಒಂದು ಭಾನುವಾರ ಕ್ಲಾಸು ಮುಗಿದು ಎಲ್ಲರೂ ಹೊರಡುವಾಗ ಅವಳು ಕೇಳಿದಳು: "ಏನ್ರೀ, ನಮ್ಮ ಕಡೆ ಬರೋದೇ ಬಿಟ್ಟಿರಲ್ಲ?"

"ನನಗೆ ಇನ್ನೂ ಸರಿಯಾಗಿ ಬರಲ್ಲ ಮೇಡಂ. ಕಲಿತುಕೊಂಡು ಬರ್ತೀನಿ."

"ನನಗೂ ಬರಲ್ಲ. ಬರ್ತಿದ್ರೆ ಕ್ಲಾಸಿಗೆ ಯಾಕೆ ಬರ್ತಿದ್ದೆ?"

ಅವನು ತಲೆ ತಗ್ಗಿಸಿ ನಕ್ಕ. ಮುಂದಿನ ಭಾನುವಾರವೂ ಖಾಲಿ ಜಾಗದಲ್ಲೇ ನಿಂತ. ಅವಳು ಮತ್ತೆ ಕೇಳಲಿಲ್ಲ.

ಕೂಟದ ದಿನ ಬಂತು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಅವಳ ಮುಂದೆ ನಿಂತು ಕೇಳಿದ. ಅವಳು "ಕಲಿತಿರಾ?" ಎಂದಳು. "ಕಲಿತೆ" ಎಂದ. ಅವಳು ಕೈ ಕೊಟ್ಟಳು.

ಹಾಡು ಶುರುವಾಯಿತು. ಕೀಮ್ಯಾನ್ ಒಂದು ವರ್ಷ ಕಲಿತದ್ದನ್ನೆಲ್ಲ ಕುಣಿದ. ಒಂದು ಹೆಜ್ಜೆಯೂ ತಪ್ಪಲಿಲ್ಲ. ಕೂತಿದ್ದವರು ತಿರುಗಿ ನೋಡಿದರು. ಅರ್ಧ ಹಾಡಿನಲ್ಲಿ ಅವಳ ಚಪ್ಪಲಿಯ ಪಟ್ಟಿ ಬಿಚ್ಚಿಹೋಯಿತು. ಅವಳು ಅವನ ಭುಜ ಅದುಮಿದಳು. ಅವನು ಎಣಿಸುತ್ತಿದ್ದ. "ಸ್ವಲ್ಪ ನಿಲ್ಲಿ" ಎಂದಳು. ಅವನು ಎಣಿಸುತ್ತಲೇ ಇದ್ದ. ಬೀಳುವಂತಾದಾಗ ಅವಳು ಕೈ ಬಿಡಿಸಿಕೊಂಡು ಪಕ್ಕಕ್ಕೆ ಹೋಗಿ ಬೆಂಚಿನ ಮೇಲೆ ಕೂತಳು.

ಕೀಮ್ಯಾನ್ ಕುಣಿಯುತ್ತಿದ್ದ. ತೋಳು ಎತ್ತಿದ್ದಂತೆಯೇ ಇತ್ತು. ಬಾಗಿಲಿನಿಂದ ಗೋಡೆಯವರೆಗೆ ಹೋದ, ಅಲ್ಲಿ ಚೆನ್ನಾಗಿ ಒಂದು ತಿರುವು ತೆಗೆದುಕೊಂಡ, ಮತ್ತೆ ಬಾಗಿಲ ಕಡೆ ಬಂದ. ಉಳಿದ ಜೋಡಿಗಳು ನಿಂತುಬಿಟ್ಟಿದ್ದವು. ಪಾರ್ಸೆಲ್ ಗುಮಾಸ್ತನ ಹೆಂಡತಿಗೂ ನಗು ಬರಲಿಲ್ಲ. ಎಲ್ಲರೂ ಯಾಕೆ ನಿಂತರು ಎಂದು ನೋಡಿದಾಗಲೇ ಅವನಿಗೆ ತನ್ನ ತೋಳಿನೊಳಗೆ ಯಾರೂ ಇಲ್ಲದ್ದು ಕಂಡದ್ದು.

ಅವನು ಬೆಂಚಿನ ಬಳಿ ಹೋದ. ಅವಳು ಬಗ್ಗಿ ಚಪ್ಪಲಿಯ ಪಟ್ಟಿ ಕಟ್ಟಿಕೊಳ್ಳುತ್ತಿದ್ದಳು.

"ಎಲ್ಲಿ ತಪ್ಪಿದೆ, ಮೇಡಂ?"

"ನೀವು ಎಲ್ಲೂ ತಪ್ಪಲಿಲ್ಲ" ಎಂದಳು ಅವಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಅಲ್ಲಿ ನಾನು ಇದ್ದದ್ದೇ ಹೆಚ್ಚಾಯ್ತು ಅನ್ನಿಸ್ತು. ಅಷ್ಟೆ."

ಅವಳು ಎದ್ದು ಮನೆಗೆ ಹೋದಳು. ಕೀಮ್ಯಾನ್ ಆ ಬೆಂಚಿನ ಮೇಲೆ ಹಾಲ್ ಬಾಗಿಲು ಹಾಕುವವರೆಗೆ ಕೂತಿದ್ದ.

ಗುರುಗಳು ಇಲ್ಲಿಗೆ ಮಾತು ನಿಲ್ಲಿಸಿದರು. ಈರಯ್ಯನಿಗೆ ಕತೆ ಮುಗಿದಂತೆ ಅನಿಸಲಿಲ್ಲ.

"ಆಮೇಲೆ ಅವನು ಆ ಕಡೆ ಹೋಗಲೇ ಇಲ್ಲವೇ?"

"ಹೋದ. ಮಳೆಗಾಲಕ್ಕೆಂದು ಕ್ಲಾಸು ಎರಡು ತಿಂಗಳು ಮುಚ್ಚಿತ್ತು. ತೆರೆದ ದಿನ ಹೋಗಿ ಸುತ್ತಿನಲ್ಲಿ ನಿಂತ. ಚಪ್ಪಾಳೆ ಬಿದ್ದಾಗಲೆಲ್ಲ ಎಲ್ಲರಂತೆ ಮುಂದೆ ಸರಿದ. ಸಿಕ್ಕವರ ಕಾಲು ತುಳಿದ. ಕ್ಷಮೆ ಕೇಳಿದ. ಬೈಸಿಕೊಂಡ. ಗುಮಾಸ್ತನ ಹೆಂಡತಿ, 'ಅಷ್ಟು ಚೆನ್ನಾಗಿ ಕುಣೀತಿದ್ದೋನು ಏನಾಗಿ ಹೋದೆಯಪ್ಪ' ಎಂದು ಹಂಗಿಸಿದಳು. ಎದುರಿನವಳು ಬಲಕ್ಕೆ ಹೊರಟಾಗ ಎಣಿಕೆ ಬಿಟ್ಟು ಬಲಕ್ಕೆ ಹೋಗುವುದು ಕಲಿತ. ಬಳಲಿದವಳ ಜೊತೆ ನಿಧಾನವಾಗಿ ಕುಣಿಯುವುದು ಕಲಿತ."

ಈರಯ್ಯನ ಮುಖ ಸಡಿಲವಾಯಿತು. "ಹಾಗಾದರೆ ಕೊನೆಗೆ ಆಕೆಯ ಜೊತೆ ಕುಣಿದ ಎನ್ನಿ."

"ಇಲ್ಲ," ಎಂದರು ಗುರುಗಳು, "ಕ್ಲಾಸು ಮತ್ತೆ ತೆರೆಯುವಷ್ಟರಲ್ಲಿ ಆಕೆಗೆ ಬೇರೆ ಊರಿಗೆ ವರ್ಗವಾಗಿತ್ತು."